ಹೊಳೆ ಬದಿಯ 34 ಮನೆಗೆ ನೆರೆ ಎಚ್ಚರಿಕೆ: ಬಿಸುವಿನಿಂದ (ಏಪ್ರಿಲ್) ಆಟಿಯವರೆಗೆ (ಜುಲೈ) ಮಾಡಿದ ಕೆಲಸ

ಉಡುಪಿ ಹತ್ತಿರ ಸ್ವರ್ಣಾ ಹೊಳೆ ಕಲ್ಯಾಣಪುರ ದಾಟಿ ಕೆಮ್ಮಣ್ಣು ಕಡೆಗೆ ಅಗಲವಾಗುವ ಜಾಗದಲ್ಲಿ ನಮ್ಮ ವಠಾರ ಇದೆ. ಒಂದು ಬದಿ ಹೊಳೆ, ಇನ್ನೊಂದು ಬದಿ ಗದ್ದೆ, ನಡುವೆ ತೋಡು, ಅಂದರೆ ಸಣ್ಣ ಹಳ್ಳ. 2020ರ ಸೆಪ್ಟೆಂಬರ್ 20ರ ನೆರೆ ಇಲ್ಲಿ ಯಾರಿಗೂ ಮರೆತಿಲ್ಲ. ಮಳೆಗಾಲ ಮುಗಿಯಿತು ಅಂತ ಎಲ್ಲರೂ ನಿರಾಳವಾಗಿದ್ದ ಸಮಯ ಅದು. ಶನಿವಾರ ರಾತ್ರಿ ಸುರಿದ ಮಳೆಗೆ ಭಾನುವಾರ ಬೆಳಗ್ಗೆ ಆಗುವಾಗ ಉಡುಪಿ ಪೇಟೆಯಲ್ಲಿ ಕಲ್ಸಂಕ, ಬೈಲಕೆರೆ ಎಲ್ಲ ಮುಳುಗಿದ್ದವು. ಸ್ವರ್ಣಾ, ಸೀತಾ ಎರಡೂ ಹೊಳೆ ಒಟ್ಟಿಗೆ ಉಕ್ಕಿದ್ದವು. ನಮ್ಮಲ್ಲಿ ತುಂಬಾ ಜನ ಎದ್ದದ್ದೇ ಹಾಸಿಗೆ ಒದ್ದೆಯಾದ ಮೇಲೆ. ದೋಣಿಯವರು ಬಂದು ಎತ್ತಿಕೊಂಡು ಹೋದರು.

ಅಂದು ನೀರು ತಡೆಯಲು ಯಾರಿಂದಲೂ ಆಗುತ್ತಿರಲಿಲ್ಲ. ಆದರೆ ಅಂಗಳಕ್ಕೆ ನೀರು ಬರುವ ಅರ್ಧ ಗಂಟೆ ಮೊದಲು ಎಬ್ಬಿಸುವವರು ಇದ್ದಿದ್ದರೆ ಎಷ್ಟೋ ಉಳಿಯುತ್ತಿತ್ತು. ಆ ಅರ್ಧ ಗಂಟೆಗೋಸ್ಕರ ಈ ಕೆಲಸ. ಯುವಕ ಮಂಡಲದವರು, ಆಶಾ ಕಾರ್ಯಕರ್ತೆ ಅಕ್ಕ, ಒಬ್ಬರು ಮೇಸ್ತ್ರಿ, ಒಬ್ಬರು ಎಲೆಕ್ಟ್ರಿಷಿಯನ್ ಮತ್ತು ನಾನು ಸೇರಿ ಮಾಡಿದೆವು. ಪತ್ತನಾಜೆಯ (ಮೇ ಕೊನೆಯ ವಾರದ ಹೊತ್ತಿಗೆ ಬರುವ ತುಳುವರ ದಿನ) ಒಳಗೆ ಮುಗಿಸಬೇಕು ಅಂತ ಗಡುವು ಹಾಕಿಕೊಂಡೆವು. ಬೇರೆ ಹೊಳೆ ಬದಿಯವರಿಗೂ ಉಪಯೋಗ ಆಗಲಿ ಅಂತ, ಕೈಕೊಟ್ಟದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಹಂತ 1. ಮಟ್ಟ ಹಿಡಿಯುವುದು (ಬಿಸು ಕಳೆದ ವಾರ)

ನೇತ್ರಾವತಿಗೆ ಬಂಟ್ವಾಳದಲ್ಲಿ ಮೀಟರ್ ಲೆಕ್ಕ ಇದೆ. 8.5 ಮೀಟರ್ ಅಪಾಯದ ಮಟ್ಟ ಅಂತ ಅಲ್ಲಿನ ಮಕ್ಕಳಿಗೂ ಗೊತ್ತು. ನಮ್ಮ ವಠಾರಕ್ಕೆ ಅಂಥ ಒಂದು ಅಂಕೆ ಇರಲಿಲ್ಲ. "ಕಟ್ಟೆ ಮುಳುಗಿತು", "ಹಟ್ಟಿಗೆ ಬಂತು" ಅಂತಲೇ ಮಾತು. ಹಾಗಾಗಿ ದೋಣಿ ಕಟ್ಟುವ ಕಟ್ಟೆಯ ಮೇಲ್ಮೈಯನ್ನು ಸೊನ್ನೆ ಅಂತ ಇಟ್ಟುಕೊಂಡೆವು.

ಅಲ್ಲಿಂದ ಪ್ರತಿ ಮನೆಯ ಅಂಗಳ ಎಷ್ಟು ಎತ್ತರ ಅಂತ ಮೇಸ್ತ್ರಿಯವರ ನೀರಿನ ಟ್ಯೂಬ್‌ನಿಂದ ಅಳೆದೆವು. 15 ಮೀಟರ್ ಉದ್ದದ ಪಾರದರ್ಶಕ ಟ್ಯೂಬ್, ಒಳಗೆ ಸ್ವಲ್ಪ ಅರಶಿನ ಹಾಕಿದ ನೀರು. ಮೊದಲ ಸುತ್ತು ಪೂರ್ತಿ ವ್ಯರ್ಥವಾಯಿತು. ಕಟ್ಟೆಯಿಂದ ಹೊರಟು ಎಲ್ಲ ಮನೆ ಸುತ್ತಿ ಪುನಃ ಕಟ್ಟೆಗೆ ಬರುವಾಗ 6 ಸೆಂಟಿಮೀಟರ್ ವ್ಯತ್ಯಾಸ. ಟ್ಯೂಬಿನಲ್ಲಿ ಗಾಳಿಗುಳ್ಳೆ ಉಳಿದಿತ್ತು. ನೀರನ್ನು ಒಂದು ತುದಿಯಿಂದ ನಿಧಾನಕ್ಕೆ ಹೀರಿ ತುಂಬಿಸಿದ ಮೇಲೆ ಸರಿಯಾಯಿತು. ನೀವೂ ಅಳೆಯುವುದಾದರೆ ಹೊರಟ ಜಾಗಕ್ಕೇ ವಾಪಸ್ ಬಂದು ನೋಡಿ. ಬಾರದಿದ್ದರೆ ತಪ್ಪು ಗೊತ್ತೇ ಆಗುವುದಿಲ್ಲ.

ಸಿಕ್ಕಿದ ಲೆಕ್ಕ: ಎಲ್ಲಕ್ಕಿಂತ ತಗ್ಗಿನ ಅಂಗಳ ಸೊನ್ನೆಯಿಂದ 72 ಸೆಂಟಿಮೀಟರ್ ಮೇಲೆ. ಅದೇ ಮನೆಯ ಗೋಡೆಯಲ್ಲಿ 2020ರ ಕೆಸರಿನ ಗೆರೆ 164ರಲ್ಲಿ. ಅಂದರೆ ಆ ಅಂಗಳದಲ್ಲಿ ಸುಮಾರು ಸೊಂಟದವರೆಗೆ ನೀರು. ಅಚ್ಚರಿಯಾದದ್ದು ಇನ್ನೊಂದು. ಹೊಳೆಗೆ ತಾಗಿದ ಮನೆಗಳಿಗಿಂತ ಮೊದಲು ನೀರು ಬರುವುದು ಹಿಂದೆ ತೋಡಿನ ಬದಿಯ ಐದು ಮನೆಗಳಿಗೆ. ಹೊಳೆ ದಂಡೆ ಎತ್ತರ ಇದೆ, ಹಿಂದಿನ ಗದ್ದೆ ತಗ್ಗು. ಆ ಐದು ಮನೆಯವರಿಗೆ ಇದು ಮೊದಲೇ ಗೊತ್ತಿತ್ತು. ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

ಹಂತ 2. ಅಳತೆ ಪಟ್ಟಿ

ಕಟ್ಟೆಯ ಕಾಂಕ್ರೀಟ್ ಕಂಬಕ್ಕೆ 10 ಸೆಂಟಿಮೀಟರಿಗೆ ಒಂದರಂತೆ ಗೆರೆ ಬಳಿದೆವು. 40ರವರೆಗೆ ಹಳದಿ, 60ರವರೆಗೆ ಕಿತ್ತಳೆ, ಮೇಲೆ ಕೆಂಪು. ಸಮುದ್ರದ ಇಳಿತದ ಹೊತ್ತು ನೋಡಿ ಬಳಿದರೂ ಕಂಬ ಒಳಗಿಂದ ಹಸಿಯಾಗಿತ್ತು. ಎನಾಮೆಲ್ ಪೇಂಟ್ ಒಂದೇ ವಾರದಲ್ಲಿ ಸಿಪ್ಪೆ ಎದ್ದಿತು. ಎರಡನೇ ಸಲ ವೈರ್ ಬ್ರಶ್‌ನಲ್ಲಿ ಪಾಚಿ ಕೆರೆದು, ಎರಡು ದಿನ ಬಿಸಿಲು ಕಂಡ ಮೇಲೆ ಪ್ರೈಮರ್ ಹಾಕಿ ಬಳಿದೆವು. ರಾತ್ರಿ ಟಾರ್ಚಿಗೆ ಹೊಳೆಯಲಿ ಅಂತ ಅಂಕೆಗಳನ್ನು ರೇಡಿಯಂ ಸ್ಟಿಕ್ಕರ್‌ನಲ್ಲಿ ಕತ್ತರಿಸಿ ಅಂಟಿಸಿದೆವು. ಪೇಂಟ್, ಸ್ಟಿಕ್ಕರ್ ಸೇರಿ 480 ರೂಪಾಯಿ.

ಹಂತ 3. ಫ್ಲೋಟ್

ನೀರು ಇಷ್ಟು ಮಟ್ಟಕ್ಕೆ ಬಂದಾಗ ತನ್ನಷ್ಟಕ್ಕೆ ಹಾರ್ನ್ ಆಗಬೇಕು. ಪಂಪ್ ಅಂಗಡಿಯಿಂದ ಓವರ್‌ಹೆಡ್ ಟ್ಯಾಂಕಿಗೆ ಹಾಕುವ ಕೇಬಲ್ ಫ್ಲೋಟ್ ಸ್ವಿಚ್ ತಂದೆವು. ಅದು ಕೆಲಸ ಮಾಡಲಿಲ್ಲ. ಆ ಜಾತಿಯ ಫ್ಲೋಟ್ ಆನ್ ಆಗಲು ಮಗುಚಿಕೊಳ್ಳಬೇಕು, ಅದಕ್ಕೆ ಜಾಗ ಬೇಕು. ಹೊಳೆಯಲ್ಲಿ ಸುಮ್ನೆ ಬಿಟ್ಟರೆ ಮಡಲು, ಕಸ ಸುತ್ತಿಕೊಳ್ಳುತ್ತದೆ. ಕಸ ಬಾರದ ಹಾಗೆ 110 ಎಂಎಂ ಪಿವಿಸಿ ಪೈಪಿನ ಒಳಗೆ ಇಟ್ಟರೆ ಮಗುಚಲು ಜಾಗ ಸಾಲುವುದಿಲ್ಲ.

ಆಮೇಲೆ ಸಣ್ಣ ಮ್ಯಾಗ್ನೆಟ್ ಫ್ಲೋಟ್ ಸೆನ್ಸರ್ ತರಿಸಿದೆವು. ಕಡ್ಡಿಯ ಮೇಲೆ ಬಿರಡೆ ಮೇಲೆ ಕೆಳಗೆ ಜಾರುವಂಥದ್ದು. ಒಂದಕ್ಕೆ 180 ರೂಪಾಯಿ. ಪ್ಲಾಸ್ಟಿಕ್ ಬಾಡಿಯದ್ದನ್ನೇ ತೆಗೆದುಕೊಳ್ಳಿ. ನಮ್ಮದು ಭರತ (ಸಮುದ್ರದ ಉಬ್ಬರ) ಬಂದಾಗ ಉಪ್ಪು ಆಗುವ ನೀರು, ಲೋಹ ಉಳಿಯುವುದಿಲ್ಲ.

ಪೈಪಿನ ತಳ ತೆರೆದೇ ಇಟ್ಟಿದ್ದಾಗ ದೋಣಿ ಹೋದರೆ ಸಾಕು, ಅಲೆಗೆ ಸೆನ್ಸರ್ ಆನ್ ಆಫ್ ಆಗುತ್ತಿತ್ತು. ತಳಕ್ಕೆ ಕ್ಯಾಪ್ ಹಾಕಿ ನಾಲ್ಕು ತೂತು ಕೊರೆದೆವು. ಅಲೆ ನಿಂತಿತು, ಆದರೆ ಕೆಸರು ತುಂಬಿ ತೂತು ಮುಚ್ಚಿತು. ಈಗ 6 ಎಂಎಂ ತೂತು ಎಂಟು ಇವೆ, ಹೊಳೆ ನೀರು ಬಂದು ಬಡಿಯದ ಹಿಂಬದಿಗೆ. ಕ್ಯಾಪನ್ನು ಗಮ್ ಹಾಕದೆ ಸ್ಕ್ರೂನಲ್ಲಿ ಕೂರಿಸಿದ್ದೇವೆ. ಹದಿನೈದು ದಿನಕ್ಕೊಮ್ಮೆ ಬಿಚ್ಚಿ ತೊಳೆಯಬೇಕು. ತೊಳೆಯದಿದ್ದರೆ ಇಡೀ ವ್ಯವಸ್ಥೆ ಇದ್ದೂ ಇಲ್ಲದ ಹಾಗೆ.

ಎರಡು ಸೆನ್ಸರ್. ಕೆಳಗಿನದು 25ರಲ್ಲಿ, ಮೇಲಿನದು 60ರಲ್ಲಿ. ಈ 25ರ ಕಥೆ ಮುಂದೆ ಇದೆ.

ಹಂತ 4. ವೈರ್ ಮತ್ತು ಹಾರ್ನ್

ಹಾರ್ನ್ ಇಟ್ಟದ್ದು ಭಜನಾ ಮಂದಿರದ ಮಾಡಿನ ಕೆಳಗೆ. ಕಟ್ಟೆಯಿಂದ ಅಲ್ಲಿಗೆ 70 ಮೀಟರ್. 12 ವೋಲ್ಟಿನ ಎರಡು ಬೈಕ್ ಹಾರ್ನ್, 7 ಆಂಪಿಯರ್-ಅವರ್ ಬ್ಯಾಟರಿ, ಚಾರ್ಜಿಗೆ 10 ವ್ಯಾಟಿನ ಸೋಲಾರ್ ಪ್ಯಾನೆಲ್. ಕರೆಂಟನ್ನು ನಂಬುವ ಹಾಗಿಲ್ಲ. ನೆರೆಯ ರಾತ್ರಿ ಮೊದಲು ಹೋಗುವುದು ಅದೇ, ಹೋಗಬೇಕಾದದ್ದೂ ಅದೇ.

ಮೊದಲು ಹಾರ್ನಿಗೆ ಹೋಗುವ ಕರೆಂಟನ್ನೇ ಉದ್ದ ವೈರಿನಲ್ಲಿ ತಂದು ನೋಡಿದೆವು. ಮೇಜಿನ ಮೇಲೆ ಕಿವಿ ಹರಿಯುವ ಹಾಗೆ ಕೂಗುತ್ತಿದ್ದ ಹಾರ್ನ್ 70 ಮೀಟರ್ ವೈರ್ ಆದ ಮೇಲೆ ಬರೀ ಗೊರಗೊರ ಅಂತು. 0.75 ಚದರ ಎಂಎಂ ವೈರಿನಲ್ಲಿ ಹೋಗಿ ಬರುವ ಹೊತ್ತಿಗೆ ವೋಲ್ಟೇಜ್ ಎಲ್ಲ ಕರಗಿ ಹೋಗುತ್ತದೆ. ದಪ್ಪ ವೈರಿಗೆ ದುಡ್ಡು ಜಾಸ್ತಿ. ಎಲೆಕ್ಟ್ರಿಷಿಯನ್ ಅಣ್ಣ ಕಾರಿಗೆ ಹಾಕುವ 12 ವೋಲ್ಟಿನ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್) ಎರಡನ್ನು ಬ್ಯಾಟರಿಯ ಹತ್ತಿರವೇ ಇಟ್ಟರು. ಉದ್ದ ವೈರಿನಲ್ಲಿ ಈಗ ರಿಲೇ ಎಳೆಯುವಷ್ಟು ಸಣ್ಣ ಕರೆಂಟ್ ಮಾತ್ರ. ಹಾರ್ನ್ ಪೂರ್ತಿ ದನಿಯಲ್ಲಿ ಕೂಗಿತು. ಸಣ್ಣ ಸೆನ್ಸರಿಗೂ ಇದೇ ಒಳ್ಳೆಯದು. ಹಾರ್ನಿನ ಕರೆಂಟ್ ನೇರ ಹೋದರೆ ಸೆನ್ಸರಿನ ಒಳಗಿನ ತಂತಿ ಅಂಟಿಕೊಂಡು ಬಿಡುತ್ತದೆ. ಬ್ಯಾಟರಿಯ ಬುಡದಲ್ಲಿ ಫ್ಯೂಸ್ ಮರೆಯಬೇಡಿ.

ಕೆಳಗಿನ ಸೆನ್ಸರಿಗೆ ಬೈಕ್ ಇಂಡಿಕೇಟರಿನ ಎಲೆಕ್ಟ್ರಾನಿಕ್ ಫ್ಲ್ಯಾಶರ್ ಸೇರಿಸಿದ್ದೇವೆ. ಹಾಗಾಗಿ ಮೊದಲ ಎಚ್ಚರಿಕೆ ಬಿಟ್ಟು ಬಿಟ್ಟು ಕೂಗುತ್ತದೆ: ಏಳಿ, ತಯಾರಾಗಿ. ಎರಡನೆಯದು ಒಂದೇ ಸಮನೆ ಕೂಗುತ್ತದೆ: ಹೊರಡಿ.

ವೈರಿನ ಜಾಯಿಂಟ್ ಕಟ್ಟೆಯ ಹತ್ತಿರ ಇತ್ತು, ಇನ್ಸುಲೇಶನ್ ಟೇಪ್ ಸುತ್ತಿದ್ದೆವು. ಮೇ ಕೊನೆಗೆ ಬಿಚ್ಚಿ ನೋಡಿದರೆ ತಾಮ್ರ ಹಸಿರಾಗಿತ್ತು. ಈಗ ಜಾಯಿಂಟನ್ನು ಕಂಬದ ತುದಿಗೆ ಏರಿಸಿ, ಡಬ್ಬಿಯೊಳಗೆ ಇಟ್ಟು ಸಿಲಿಕೋನ್ ತುಂಬಿದ್ದೇವೆ.

ಹಂತ 5. ಮನೆ ಪಟ್ಟಿ

ಇದಕ್ಕೆ ಹಿಡಿದಷ್ಟು ಸಮಯ ಹಾರ್ನಿಗೂ ಹಿಡಿಯಲಿಲ್ಲ. ಈ ಕೆಲಸಕ್ಕೆ ಕೈ ಹಾಕುವವರು ವೈರ್ ತರುವ ಮೊದಲೇ ಇದನ್ನು ಶುರು ಮಾಡಬೇಕು.

ಒಂದು ಉದ್ದ ಪುಸ್ತಕದಲ್ಲಿ ಮನೆಗೆ ಒಂದು ಪುಟ. ರಾತ್ರಿ ಮಲಗುವವರು ಎಷ್ಟು ಜನ, ಹಾಸಿಗೆ ಹಿಡಿದವರು ಇದ್ದಾರಾ, ಗರ್ಭಿಣಿ ಇದ್ದಾರಾ, ಇನ್ಸುಲಿನ್ ಯಾರಿಗೆ, ಡಯಾಲಿಸಿಸ್ ವಾರದ ಯಾವ ದಿನ, ಕಿವಿ ಕೇಳದವರು ಯಾರು, ಹಟ್ಟಿಯಲ್ಲಿ ದನ ಎಷ್ಟು, ಮೈನ್ ಸ್ವಿಚ್ ಎಲ್ಲಿ. ಕೊನೆಯ ಸಾಲಿನಲ್ಲಿ, ಈ ಮನೆಯ ಬಾಗಿಲು ಬಡಿಯುವವರು ಯಾರು, ಅವರು ಊರಲ್ಲಿ ಇಲ್ಲದಿದ್ದರೆ ಯಾರು.

ರೇಷನ್ ಕಾರ್ಡ್ ಮತ್ತು ಮತದಾರರ ಪಟ್ಟಿ ಇಟ್ಟುಕೊಂಡು ಕೂತು ಬರೆದ ಮೊದಲ ಪಟ್ಟಿಯನ್ನು ಆಶಾ ಅಕ್ಕ ಓದಿ ಬದಿಗಿಟ್ಟರು. "ಇದರಲ್ಲಿ ಇರುವವರು ಅರ್ಧ ಜನ ಮುಂಬಯಿಯಲ್ಲಿ ಇದ್ದಾರೆ ಮಾರಾಯ್ರೆ. ಇಲ್ಲಿ ಮಲಗುವವರು ಬೇರೆಯೇ" ಅಂದರು. ಮತ್ತೆ ಮನೆ ಮನೆಗೆ ಹೋದೆವು. ಎರಡು ದೊಡ್ಡ ಮನೆಗಳಲ್ಲಿ ಒಬ್ಬೊಬ್ಬರೇ ಅಜ್ಜಿಯರು. ಒಬ್ಬರು ರಾತ್ರಿ ಕಿವಿಯ ಮಿಷನ್ ತೆಗೆದಿಟ್ಟು ಮಲಗುತ್ತಾರೆ. ಅವರಿಗೆ ಎಷ್ಟು ಹಾರ್ನ್ ಆದರೂ ಅಷ್ಟೇ. ಅವರೇ ಒಪ್ಪಿ ಹಿಂದಿನ ಬಾಗಿಲಿನ ಒಂದು ಬೀಗದ ಕೈಯನ್ನು ಪಕ್ಕದ ಮನೆಯ ಅಕ್ಕನಿಗೆ ಕೊಟ್ಟರು.

ಮನೆಗಳನ್ನು ಆರು ಗುಂಪು ಮಾಡಿದೆವು. ತೋಡಿನ ಬದಿಯ ಐದು ಮನೆ ಮೊದಲ ಗುಂಪು. ಪ್ರತಿ ಗುಂಪಿಗೆ ಇಬ್ಬರು, ಒಬ್ಬ ಗಂಡಸು ಒಬ್ಬ ಹೆಂಗಸು. ಮೀನಿಗೆ ಹೋಗುವವರನ್ನು ಮೊದಲ ಹೆಸರಾಗಿ ಹಾಕಲಿಲ್ಲ, ರಾತ್ರಿ ಅವರು ಮನೆಯಲ್ಲಿ ಇರುತ್ತಾರೆ ಅಂತ ಇಲ್ಲ.

ಹಂತ 6. ಹಗ್ಗ, ಜಾಕೆಟ್

ಬೇಗ ಮುಗಿದ ಕೆಲಸ. ಆದರೆ ಒಂದು ವಿಷಯ ಹೇಳಲೇಬೇಕು. ಗಟ್ಟಿ ಅಂತ ತಂದ ನೈಲಾನ್ ಹಗ್ಗವನ್ನು ಹೊಳೆಗೆ ಎಸೆದು ನೋಡಿದರೆ ಸೀದಾ ಮುಳುಗಿತು. ಮುಳುಗುವ ಹಗ್ಗ ನೀರಿನಲ್ಲಿ ಇರುವವರ ಕೈಗೆ ಸಿಗುವುದಿಲ್ಲ. ಪಾಲಿಪ್ರೊಪಿಲೀನ್ ಹಗ್ಗ ತೇಲುತ್ತದೆ. 10 ಎಂಎಂನದ್ದು 60 ಮೀಟರ್ ತಂದು, ಮೂರು ತುಂಡು ಮಾಡಿ, ಬಟ್ಟೆ ಚೀಲದಲ್ಲಿ ಸುರುಳಿ ಸುತ್ತದೆ ಹಾಗೇ ತುರುಕಿ ಇಟ್ಟೆವು. ಸುತ್ತಿದರೆ ಎಸೆಯುವಾಗ ಗಂಟು ಬೀಳುತ್ತದೆ. ತುರುಕಿದ್ದು ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ಲೈಫ್ ಜಾಕೆಟ್ ಆರು, ಒಂದಕ್ಕೆ 850. ನೀರಿಗೆ ಯಾರೂ ಹಾರಬಾರದು, ದಡದಿಂದಲೇ ಹಗ್ಗ ಎಸೆಯಬೇಕು ಅಂತ ಹುಡುಗರಿಗೆ ಗಟ್ಟಿಯಾಗಿ ಹೇಳಿದ್ದೇವೆ.

ಹಂತ 7. ತಾಲೀಮು

ಮೊದಲು ಒಂದು ಭಾನುವಾರ ಸಂಜೆ ಮಾಡಿದೆವು. ಎಲ್ಲರೂ ನಗುತ್ತಾ, ನೆರೆ ಬಂದರೆ ಸೇರಬೇಕಾದ ಶಾಲೆಯ ಗುಡ್ಡೆಗೆ ನಡೆದರು, ಚಹಾ ಕುಡಿದರು. ಅದರಿಂದ ಕಲಿತದ್ದು ಏನೂ ಇಲ್ಲ.

ಎರಡನೆಯದು ರಾತ್ರಿ ಹತ್ತೂವರೆಗೆ. ದಿನ ಮಾತ್ರ ಹೇಳಿದ್ದೆವು, ಹೊತ್ತು ಹೇಳಿರಲಿಲ್ಲ. ಮೊಬೈಲ್ ಸೈಲೆಂಟ್. ಗೇಟಿಗೆ ಒಳಗಿನಿಂದ ಬೀಗ. ಒಂದು ಮನೆಯ ನಾಯಿ ಬಾಗಿಲು ಬಡಿಯುವವರನ್ನು ಹತ್ತಿರ ಬಿಡಲಿಲ್ಲ. ತಗಡಿನ ಮಾಡಿನ ಮನೆಯವರು "ಮಳೆ ಬಿದ್ದರೆ ನಮಗೆ ನಮ್ಮ ಮಾತೇ ಕೇಳುವುದಿಲ್ಲ, ಹಾರ್ನ್ ಎಲ್ಲಿಂದ ಕೇಳಬೇಕು" ಅಂದರು. ಸರಿಯಾದ ಮಾತು. ಅಲ್ಲಿಗೆ ಕಿಟಕಿಯ ಸರಳಿಗೆ ಬಡಿಯುವುದು ಅಂತ ಆಯಿತು. ಬಾಗಿಲು ಬಡಿಯುವುದಕ್ಕಿಂತ ಕಬ್ಬಿಣದ ಸರಳಿಗೆ ಕಬ್ಬಿಣ ಬಡಿದರೆ ಬೇಗ ಎಚ್ಚರ ಆಗುತ್ತದೆ.

ಹಾಸಿಗೆ ಹಿಡಿದ ಒಬ್ಬ ಅಜ್ಜನನ್ನು ಕರೆದುಕೊಂಡು ಬರಲು ಪ್ಲಾಸ್ಟಿಕ್ ಕುರ್ಚಿಗೆ ಎರಡು ಬಿದಿರು ಕಟ್ಟಿದ್ದೆವು. ಅದೃಷ್ಟಕ್ಕೆ ಮೊದಲು ಹುಡುಗನೊಬ್ಬನನ್ನು ಕೂರಿಸಿ ನೋಡಿದೆವು. ಕಾಲು ಅಗಲವಾಗಿ ಬಿರುಕು ಬಿಟ್ಟಿತು. ಮತ್ತೆ, ಓಣಿಯ ಎರಡು ಕೆಂಪುಕಲ್ಲಿನ ಗೋಡೆಗಳ ನಡುವೆ 90 ಸೆಂಟಿಮೀಟರ್ ಮಾತ್ರ ಜಾಗ. ನಾಲ್ಕು ಜನ ಹೊರಲು ಆಗುವುದಿಲ್ಲ. ಈಗ ಅಜ್ಜನ ಮನೆಯದ್ದೇ ಮರದ ಕೈಕುರ್ಚಿ, ಮುಂದೆ ಒಬ್ಬ, ಹಿಂದೆ ಒಬ್ಬ. ಎದೆಗೆ ಒಂದು ಸೀರೆ ಕಟ್ಟಿದರೆ ಮುಂದೆ ಜಾರುವುದಿಲ್ಲ.

ಆ ರಾತ್ರಿ ಎಲ್ಲರೂ ಗುಡ್ಡೆ ಮುಟ್ಟಲು 50 ನಿಮಿಷ ಹಿಡಿಯಿತು. ನಮ್ಮ ಗುರಿ 30 ಇತ್ತು. ಜೂನ್ ಮೊದಲ ವಾರ ಪುನಃ ಮಾಡಿದಾಗ 35ಕ್ಕೆ ಬಂತು.

ನಡುವೆ: ಕಿಂಡಿ ಅಣೆಕಟ್ಟಿನ ಹಲಗೆ

ತೋಡಿನ ಕಿಂಡಿ ಅಣೆಕಟ್ಟಿಗೆ ಬೇಸಗೆಯಲ್ಲಿ ಹಲಗೆ ಹಾಕುತ್ತಾರೆ, ಉಪ್ಪುನೀರು ಗದ್ದೆಗೆ ಬಾರದ ಹಾಗೆ. ಮಳೆಗಾಲಕ್ಕೆ ಮೊದಲು ತೆಗೆಯಬೇಕು. ಪತ್ತನಾಜೆ ಕಳೆದರೂ ಕೆಳಗಿನ ಎರಡು ಸಾಲು ಹಾಗೇ ಇತ್ತು. ನಾವೇ ಅನುಮತಿ ಕೇಳಿ ಎತ್ತಿದೆವು. ಹಲಗೆ ಉಬ್ಬಿ ಕೂತಿತ್ತು, ಚೈನ್ ಬ್ಲಾಕ್ ಬಾಡಿಗೆಗೆ ತರಬೇಕಾಯಿತು. ಹಿಂದೆ ಸಿಕ್ಕಿಕೊಂಡಿದ್ದ ಕಸವೇ ಒಂದು ಟೆಂಪೊ. ತೋಡಿನ ಬದಿಯ ಐದು ಮನೆಗೆ ಹಾರ್ನಿಗಿಂತ ಜಾಸ್ತಿ ಸಹಾಯ ಆದದ್ದು ಇದರಿಂದ ಅಂತ ನನ್ನ ಅಂದಾಜು.

ಹಂತ 8. ಜೂನ್: ಸುಳ್ಳು ಹಾರ್ನ್

ಏಪ್ರಿಲ್, ಮೇ ತಿಂಗಳ ಅಮಾವಾಸ್ಯೆ ಹುಣ್ಣಿಮೆಯ ಭರತ ನೋಡಿ, ನೀರು 10ರ ಮೇಲೆ ಬರುವುದಿಲ್ಲ ಅಂತ ಕೆಳಗಿನ ಸೆನ್ಸರನ್ನು 25ಕ್ಕೆ ಇಟ್ಟಿದ್ದೆವು. ಜೂನ್‌ನಲ್ಲಿ ಪಡುಗಾಳಿ ಜೋರಾಗಿ ಬೀಸುವ ಹೊತ್ತಿಗೆ ಹುಣ್ಣಿಮೆ ಬಂತು. ಮಳೆ ಅಷ್ಟೇನೂ ಇಲ್ಲ. ಆದರೂ ನೀರು 28ಕ್ಕೆ ಬಂದು ಹಾರ್ನ್ ಆಯಿತು. ಜನ ಎದ್ದರು, ನೀರು ಇಳಿಯಿತು. ಎರಡು ಸಲ ಹೀಗಾದರೆ ಮೂರನೇ ಸಲ ಯಾರೂ ಏಳುವುದಿಲ್ಲ, ಅಲ್ವಾ? ಮರುದಿನವೇ ಸೆನ್ಸರನ್ನು 40ಕ್ಕೆ ಏರಿಸಿದೆವು. ತಗ್ಗಿನ ಅಂಗಳಕ್ಕೆ ಇನ್ನೂ 32 ಸೆಂಟಿಮೀಟರ್ ಉಳಿಯುತ್ತದೆ. ಸಮುದ್ರ ಹತ್ತಿರ ಇರುವವರು ಬೇಸಗೆಯ ಭರತ ನೋಡಿ ಮಟ್ಟ ಇಡಬೇಡಿ.

ಇದರ ಜೊತೆಗೆ ಒಂದು ಮಳೆಮಾಪಕ ಇಟ್ಟೆವು, ನೇರ ಗೋಡೆಯ ಡಬ್ಬಿ ಮತ್ತು ಸ್ಕೇಲ್ ಅಷ್ಟೇ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 115.6 ಎಂಎಂ ಮೇಲಾದರೆ ಅತಿ ಭಾರಿ ಮಳೆ, 204.4 ದಾಟಿದರೆ ಅದಕ್ಕೂ ಮೇಲಿನದು. ಸಂಜೆಯೊಳಗೆ 115 ದಾಟಿದ ದಿನ ಇಬ್ಬರು ಸರದಿಯಲ್ಲಿ ಎಚ್ಚರ ಇರುತ್ತಾರೆ. ನಮ್ಮಲ್ಲಿ ಮಳೆ ಇಲ್ಲದಿದ್ದರೂ ಕಾರ್ಕಳ ಕಡೆ ಸುರಿದದ್ದು ಕೆಲವು ಗಂಟೆ ಬಿಟ್ಟು ಇಲ್ಲಿಗೇ ಬರುತ್ತದೆ. ಹಾಗಾಗಿ ಸ್ವರ್ಣಾ ಹೊಳೆಯ ಬಜೆ ಅಣೆಕಟ್ಟಿನ ಮೇಲ್ಬದಿ ಇರುವ ಒಬ್ಬರು ನೆಂಟರು ಹೊಳೆ ನೋಡಿ ಫೋನ್ ಮಾಡುತ್ತಾರೆ. ವಾಟ್ಸಾಪ್ ಗುಂಪಿನಲ್ಲಿ ಹೊಳೆಯ ಮಟ್ಟ ಹಾಕುವ ಅಧಿಕಾರ ಇಬ್ಬರಿಗೆ ಮಾತ್ರ. ಹೊತ್ತು, ಅಂಕೆ, ಏರುತ್ತಿದೆಯಾ ಇಳಿಯುತ್ತಿದೆಯಾ, ಅಷ್ಟೇ.

ಹಂತ 9. ಜುಲೈ: ನಿಜವಾದ ಹಾರ್ನ್

ಆಟಿಯ ಮಳೆ. ರಾತ್ರಿ ಎರಡರ ಸುಮಾರಿಗೆ ಮೊದಲ ಹಾರ್ನ್ ಬಿಟ್ಟು ಬಿಟ್ಟು ಕೂಗಿತು. ಸರದಿಯವರು ಟಾರ್ಚ್ ಹಾಕಿ ನೋಡಿದರೆ 43. ತೋಡಿನ ಬದಿಯ ಐದು ಮನೆಯವರನ್ನು ಎರಡನೇ ಹಾರ್ನಿಗೆ ಕಾಯದೆ ಗುಡ್ಡೆಗೆ ಕಳಿಸಿದೆವು. ದನಗಳ ಹಗ್ಗ ಬಿಚ್ಚಿದೆವು. ಮೈನ್ ಸ್ವಿಚ್ ಆಫ್. ದಾಖಲೆಯ ಪ್ಲಾಸ್ಟಿಕ್ ಚೀಲ ಎಲ್ಲರ ಕೈಯಲ್ಲೂ ಇತ್ತು. 1077ಕ್ಕೆ, ಅಂದರೆ ಜಿಲ್ಲೆಯ ಕಂಟ್ರೋಲ್ ರೂಮಿಗೆ, ಮಟ್ಟ ಹೇಳಿದೆವು. ತೋಡಿನ ಬದಿ ತಂತಿ ಜೋತು ಬಿದ್ದದ್ದನ್ನು ವಿದ್ಯುತ್ ಕಂಪೆನಿ ಮೆಸ್ಕಾಂನ 1912ಕ್ಕೆ ತಿಳಿಸಿದೆವು. ನೀರು 58ರವರೆಗೆ ಬಂದು, ಇಳಿತ ಶುರುವಾದ ಮೇಲೆ ಕೆಳಗೆ ಹೋಯಿತು. ಎರಡನೇ ಹಾರ್ನ್ ಆಗಲಿಲ್ಲ.

ಎಲ್ಲ ಸರಿ ಆಯಿತು ಅಂತ ಬರೆಯಲು ಮನಸ್ಸು ಬರುವುದಿಲ್ಲ. ಬೆಳಗಿನ ಜಾವ ಪುಸ್ತಕ ಹಿಡಿದು ತಲೆ ಎಣಿಸಿದಾಗ ಪಟ್ಟಿಯಲ್ಲಿ ಇದ್ದವರೆಲ್ಲ ಇದ್ದರು. ಆಮೇಲೆ ಒಬ್ಬ ಹುಡುಗಿ ಕೇಳಿದಳು, "ಆ ಹಂಚಿನ ಕೊಟ್ಟಿಗೆಯವರು ಎಲ್ಲಿ?" ಬಾಗಲಕೋಟೆ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಒಂದು ಸಂಸಾರ, ಎರಡು ಸಣ್ಣ ಮಕ್ಕಳು. ಜೂನ್ ಕೊನೆಗೆ ಬಾಡಿಗೆಗೆ ಬಂದಿದ್ದರು. ನಮ್ಮ ಪಟ್ಟಿ ಮೇ ತಿಂಗಳದ್ದು. ಓಡಿ ಹೋಗಿ ನೋಡಿದರೆ ಹೊಸ್ತಿಲಿನಿಂದ ಒಂದು ಗೇಣು ಕೆಳಗೆ ನೀರು, ಒಳಗೆ ಎಲ್ಲರೂ ಎದ್ದು ಕೂತಿದ್ದಾರೆ. ಹಾರ್ನ್ ಕೇಳಿಸಿತ್ತು. ಅದು ಏನು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಇನ್ನು 20 ಸೆಂಟಿಮೀಟರ್ ಏರಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಲು ಕಷ್ಟ ಆಗುತ್ತದೆ.

ಈಗ ಪಟ್ಟಿಯನ್ನು ತಿಂಗಳಿಗೊಮ್ಮೆ, ರಾತ್ರಿ ಎಂಟರ ನಂತರ ನಡೆದು ಬರೆಯುತ್ತೇವೆ. ದೀಪ ಉರಿಯುವ ಪ್ರತಿ ಮನೆ, ಕೊಟ್ಟಿಗೆ, ಕಟ್ಟಡದ ಶೆಡ್ ಅದರಲ್ಲಿ ಬರಬೇಕು. ಕಾಗದ ಇದೆಯಾ ಇಲ್ಲವಾ ಅಂತ ಕೇಳುವುದಿಲ್ಲ. ಆ ಸಂಸಾರದ ಅಣ್ಣ ಈಗ ಮೊದಲ ಗುಂಪಿನ ಬಾಗಿಲು ಬಡಿಯುವವರಲ್ಲಿ ಒಬ್ಬರು.

ಹಂತ 10. ಬಾವಿ

ಎರಡು ಬಾವಿಗೆ ನೆರೆ ನೀರು ಸೇರಿತ್ತು. ಮೊದಲು ಕೆಸರು ನೀರನ್ನು ಪಂಪಿನಲ್ಲಿ ತೆಗೆದು, ಒರತೆ ತಿಳಿಯಾದ ಮೇಲೆ ಬ್ಲೀಚಿಂಗ್ ಪೌಡರ್ ಹಾಕಿದೆವು. ಒಳ್ಳೆಯ ಪೌಡರ್ ಆದರೆ ಸಾವಿರ ಲೀಟರಿಗೆ ಕಡಿಮೆ ಅಂದರೂ 2.5 ಗ್ರಾಂ ಬೇಕು. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್, ಅಂದರೆ 24 ಗ್ರಾಂ. ನೆರೆ ಸೇರಿದ ಬಾವಿಗೆ ಅದಕ್ಕಿಂತ ಜಾಸ್ತಿಯೇ ಬೇಕು, ಎಷ್ಟು ಅಂತ ಆರೋಗ್ಯ ಕಾರ್ಯಕರ್ತರನ್ನು ಕೇಳಿ ಹಾಕಿದೆವು. ಪೌಡರನ್ನು ಬಕೆಟ್‌ನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್‌ಗೆ ಬಗ್ಗಿಸಿ, ಅದನ್ನು ಬಾವಿಗೆ ಇಳಿಸಿ ಜಾಲಾಡಬೇಕು. ಕಡಿಮೆ ಅಂದರೂ ಒಂದು ಗಂಟೆ ಬಿಡಬೇಕು. ಕುಡಿಯುವುದು ಮಾತ್ರ ಕುದಿಸಿದ ನೀರೇ. ಕೆಸರು ತೆಗೆಯಲು ಇಳಿಯುವವರಿಗೆ ಗಮ್ ಬೂಟ್ ಕಡ್ಡಾಯ ಮಾಡಿದೆವು, ಇಲಿ ಜ್ವರದ ಭಯ ಇದೆ.

ಖರ್ಚು ಮತ್ತು ಬಾಕಿ

ಒಟ್ಟು ಸುಮಾರು 13 ಸಾವಿರ ರೂಪಾಯಿ. ಅದರಲ್ಲಿ 5,100 ಲೈಫ್ ಜಾಕೆಟಿಗೆ, 2,400 ಮೂರು ಎಳೆಯ ವೈರಿಗೆ. ನೈಲಾನ್ ಹಗ್ಗ, ಮೊದಲ ಪೇಂಟ್, ಚೈನ್ ಬ್ಲಾಕಿನ ಬಾಡಿಗೆ ಇದಕ್ಕೆ ಸೇರಿಲ್ಲ. ಯುವಕ ಮಂಡಲ ಅರ್ಧ ಹಾಕಿತು, ಉಳಿದದ್ದು ಮನೆ ಮನೆಯಿಂದ.

ತೋಡಿನ ಬದಿಗೆ ಬೇರೆಯೇ ಒಂದು ಸೆನ್ಸರ್ ಬೇಕು, ಸೆಪ್ಟೆಂಬರಿನ ಒಳಗೆ ಹಾಕುತ್ತೇವೆ. ಬ್ಯಾಟರಿಯನ್ನು ತಿಂಗಳ ಮೊದಲ ಭಾನುವಾರ ಮೀಟರ್ ಇಟ್ಟು ನೋಡುತ್ತೇವೆ. 12.2 ವೋಲ್ಟಿಗಿಂತ ಕೆಳಗೆ ಇಳಿದರೆ ಚಾರ್ಜರಿಗೆ. ಮಳೆ ಮೋಡದಲ್ಲಿ ಸೋಲಾರ್ ಒಂದನ್ನೇ ನೆಚ್ಚಲು ಆಗುವುದಿಲ್ಲ. ಶಾಲೆಯ ಬೀಗದ ಕೈ ಈಗ ಎರಡು ಕಿಲೋಮೀಟರ್ ಆಚೆ ಇರುವವರ ಹತ್ತಿರ ಇದೆ. ಜುಲೈಯ ಆ ರಾತ್ರಿ ಮಕ್ಕಳು, ಮುದುಕರು ಅವರು ಬರುವ ತನಕ ಜಗಲಿಯಲ್ಲೇ ನಿಂತಿದ್ದರು. ಇನ್ನೊಂದು ಕೈ ವಠಾರದಲ್ಲೇ ಇರಲಿ ಅಂತ ಬರೆದು ಕೊಟ್ಟಿದ್ದೇವೆ, ಒಪ್ಪಿಗೆ ಇನ್ನೂ ಬಂದಿಲ್ಲ. ಮುಂದಿನ ವಾರ ಪುನಃ ಹೋಗಿ ಕೇಳುತ್ತೇವೆ.